ಕೋಟೆ ಸುಡುವ ಭಾನುವಾರ

ಬೆಳಿಗ್ಗೆ ಎದ್ದ ಬೊಯಾನ್ ಅಡುಗೆಮನೆಯ ಕಿಟಕಿಯ ಪರದೆಯನ್ನು ಅರ್ಧ ಮಾತ್ರ ಸರಿಸಿದ. ಪೂರ್ತಿ ಸರಿಸಿದರೆ ದ್ರಾಕ್ಷಿ ತೋಟಗಳ ಮೇಲಿನ ಗುಡ್ಡ ಕಾಣುತ್ತಿತ್ತು. ಗುಡ್ಡ ಕಂಡರೆ ಅದರ ನೆತ್ತಿಯಲ್ಲಿ ಊರವರು ನಿನ್ನೆ ಕಟ್ಟಿ ನಿಲ್ಲಿಸಿದ ಒಣಹುಲ್ಲಿನ ಕೋಟೆ ಕಾಣುತ್ತಿತ್ತು. ಕೋಟೆ ಕಂಡರೆ ಅದೇನು ಎಂದು ಹೆಂಡತಿ ನೆವೆನಾ ಕೇಳುತ್ತಿದ್ದಳು. ಕೇಳಿದರೆ ಹೇಳಬೇಕಾಗುತ್ತಿತ್ತು. ಹೇಳಬೇಕಾದ ಆ ಮಾತನ್ನು ಅವನು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಇಟ್ಟುಕೊಂಡು ಕೆಲವು ದಿನಗಳಿಂದ ಓಡಾಡುತ್ತಿದ್ದ. ನುಂಗಲೂ ಆಗುತ್ತಿರಲಿಲ್ಲ, ಉಗುಳಲೂ ಆಗುತ್ತಿರಲಿಲ್ಲ. ವಿಚಿತ್ರವೆಂದರೆ ಆ ಮುಳ್ಳಿನ ಆಸುಪಾಸಿನಲ್ಲೇ ಒಂದು ಸಣ್ಣ ಸುಖವೂ ಇತ್ತು. ನಲವತ್ತೊಂಬತ್ತು ವರ್ಷದಲ್ಲಿ ಯಾವ ಊರೂ ಅವನನ್ನು ಯಾವುದಕ್ಕೂ ಕರೆದಿರಲಿಲ್ಲ. ಬಲ್ಗೇರಿಯಾದ ರೂಸೆ ಪಟ್ಟಣದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಟ್ರಾಲಿಬಸ್ ಓಡಿಸಿದವನು ಅವನು; ಅಷ್ಟು ವರ್ಷ ಅರ್ಧ ಊರು ಅವನ ಬೆನ್ನನ್ನು ನೋಡಿತ್ತೇ ಹೊರತು ಮುಖವನ್ನಲ್ಲ. ಈಗ ಮೊಸೆಲ್ ಹೊಳೆಯ ದಡದ ಈ ಪುಟ್ಟ ಊರು, ಬಂದು ಎರಡು ವರ್ಷವೂ ತುಂಬದ ಅವನನ್ನು, ಮುಂದೆ ಬಾ ಎಂದಿತ್ತು. ಬರಬೇಕಾದದ್ದು ಅವನೊಬ್ಬನೇ ಅಲ್ಲ ಎನ್ನುವುದೇ ತೊಡಕು.

ಎಲ್ಲ ಒಂದು ಪದದಿಂದ ಆದದ್ದು. ಲಕ್ಸೆಂಬರ್ಗಿಗೆ ಬಂದ ಮೇಲೆ ಅವನು ಕಲಿತ ಮೊದಲ ಪದ ‘ಯೋ’. ಆ ದೇಶದ ಭಾಷೆಯಲ್ಲಿ ಹೌದು ಎಂದರ್ಥ. ಚೀಲ ಬೇಕೇ, ಚಳಿ ಜಾಸ್ತಿಯಲ್ಲವೇ, ಅಲ್ಲಿ ಮೇಲಿನ ಮನೆಗೆ ಬಂದವರು ನೀವೇ ತಾನೇ, ಎಲ್ಲಕ್ಕೂ ಯೋ ನಡೆಯುತ್ತಿತ್ತು. ಹಾಗಾಗಿ ಹತ್ತು ದಿನದ ಹಿಂದೆ, ಗುರುವಾರ, ಪಕ್ಕದ ಮನೆಯ ಅಲೋಯ್ಸ್ ಅಗ್ನಿಶಾಮಕ ಸಂಘದ ಇಬ್ಬರನ್ನು ಕಟ್ಟಿಕೊಂಡು ಬಾಗಿಲಿಗೆ ಬಂದಾಗಲೂ ಬೊಯಾನ್ ಅದನ್ನೇ ಹೇಳಿದ್ದ. ಅಲೋಯ್ಸ್ ಎಪ್ಪತ್ತು ದಾಟಿದ ದ್ರಾಕ್ಷಿ ಬೆಳೆಗಾರ, ಸಂಘದ ಹಳೆಯ ಹುಲಿ. ಮಾತಾಡುವಾಗ ಎದುರಿನವನ ತೋಳು ಹಿಡಿದುಕೊಳ್ಳುವ ಅಭ್ಯಾಸ. ಅವನ ಉದ್ದನೆಯ ಮಾತಿನಲ್ಲಿ ಬೊಯಾನನಿಗೆ ಸಿಕ್ಕಿದ್ದು ಮೂರು ಪದ: ಬೆಂಕಿ, ಭಾನುವಾರ, ಹೆಂಡತಿ. ಹಬ್ಬದ ಬೆಂಕಿಗೆ ಸೌದೆ ಕೇಳಲು ಬಂದಿದ್ದಾರೆ, ಹೆಂಡತಿಯನ್ನು ಕೇಳಿ ಕೊಡು ಎನ್ನುತ್ತಿದ್ದಾರೆ ಎಂದುಕೊಂಡು, ಯೋ ಯೋ ಎಂದು ಒಳಗೆ ಹೋಗಿ ಕಾಲು ಮುರಿದ ಕುರ್ಚಿಯೊಂದನ್ನು ತಂದು ಅವರ ಕೈಗಿಟ್ಟ. ಮೂವರೂ ಕುರ್ಚಿಯನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಅದನ್ನು ಮರ್ಯಾದೆಯಿಂದ ಎತ್ತಿಕೊಂಡು, ಅವನ ಕೈಯನ್ನು ಒಬ್ಬೊಬ್ಬರಾಗಿ ಕುಲುಕಿ ಹೋದರು. ಒಂದು ಮುರುಕು ಕುರ್ಚಿಗೆ ಇಷ್ಟು ಸಂಭ್ರಮವೇ ಎಂದು ಅವನಿಗೆ ಅನಿಸದೆ ಇರಲಿಲ್ಲ.

ಮುಂದಿನ ಬುಧವಾರ ಭಾಷೆಯ ತರಗತಿಗೆ ಹೋಗುವ ಬಸ್ಸಿನಲ್ಲಿ ಎಂದಿನಂತೆ ಚಾಲಕನ ಹಿಂದಿನ ಸೀಟಿನಲ್ಲಿ ಕೂತಿದ್ದ. ತಿರುವು ಬಂದಾಗಲೆಲ್ಲ ಅವನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ತರಗತಿ ತಲುಪುವಷ್ಟರಲ್ಲಿ ಆಪರೇಷನ್ ಆದ ಮೊಣಕಾಲು ಸಣ್ಣಗೆ ನೋಯುತ್ತಿತ್ತು. ಆದರೂ ಆ ಸೀಟು ಬಿಡುತ್ತಿರಲಿಲ್ಲ. ತರಗತಿಯಲ್ಲಿ ಜೋಸಿಯಾನ್ ಟೀಚರು ವಾರದ ಸುದ್ದಿ ಹೇಳಿ ಎಂದಾಗ ಅವನು ಕುರ್ಚಿಯ ಕಥೆ ಹೇಳಿದ. ಅಲೋಯ್ಸ್ ಅಂದದ್ದರಲ್ಲಿ ನೆನಪಿದ್ದ ತುಂಡುಗಳನ್ನೂ ಹೇಳಿದ. ಟೀಚರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅವರು ಸೌದೆ ಕೇಳಕ್ಕೆ ಬಂದಿರ್ಲಿಲ್ಲ ಬೊಯಾನ್. ಗುಡ್ಡದ ಮೇಲೆ ಸುಡಕ್ಕೆ ಒಟ್ಟೋ ಹುಲ್ಲು ಸೌದೆ ರಾಶಿಗೆ ಕೋಟೆ ಅಂತಾರೆ. ಊರಲ್ಲಿ ಎಲ್ಲರಿಗಿಂತ ಕೊನೆಗೆ ಮದುವೆ ಆದ ಜೋಡಿ ಅದಕ್ಕೆ ಬೆಂಕಿ ಇಡಬೇಕು. ಚಳಿಗಾಲನ ಅಟ್ಟೋದು ಹೊಸ ಗಂಡ ಹೆಂಡತಿ ಕೆಲಸ. ಈ ವರ್ಷ ಮದುಮಗ ನೀವೇ.”

ತರಗತಿಯ ಎಲ್ಲರೂ ಚಪ್ಪಾಳೆ ತಟ್ಟಿದರು. ಬೊಯಾನನ ಕಿವಿ ಬಿಸಿಯಾಯಿತು. “ನಮ್ಮ ಮದುವೆ ವಿಷಯ ಅವರಿಗೆ ಹೇಗೆ ಗೊತ್ತಾಯ್ತು?” ಎಂದು ಕೇಳಿದ. “ಪಂಚಾಯಿತಿ ಕಚೇರಿ ಗಾಜಿನ ಫಲಕದಲ್ಲಿ ನಿಮ್ಮ ಹೆಸರು ಅಂಟಿಸಿರ್ತಾರಲ್ಲ,” ಎಂದರು ಜೋಸಿಯಾನ್. “ನಮ್ಮೂರುಗಳಲ್ಲಿ ಪೇಪರ್ ಓದದವರೂ ಅದನ್ನ ಓದ್ತಾರೆ.”

ಮದುವೆ. ಆ ಪದವನ್ನು ಅವನು ಮನಸ್ಸಿನಲ್ಲಿ ಹೇಳಿಕೊಂಡರೂ ಯಾರಾದರೂ ಕೇಳಿಸಿಕೊಂಡಾರು ಎಂಬ ಅಳುಕು. ನವೆಂಬರಿನಲ್ಲಿ ಮೊಣಕಾಲಿನ ಆಪರೇಷನ್ ಅಂತ ಆದಾಗ, ಅವಳ ವಿಮೆಯಲ್ಲಿ ಖರ್ಚು ಕೊಡಬೇಕಾದರೆ ಗಂಡ ಎನ್ನುವುದಕ್ಕೆ ಕಾಗದ ಬೇಕು ಎಂದಿದ್ದರು ವಿಮೆಯವರು. ನೆವೆನಾ ನಗರದ ದೊಡ್ಡ ಕಚೇರಿಯಲ್ಲಿ ಕಾನೂನುಗಳನ್ನು ಬಲ್ಗೇರಿಯನ್ ಭಾಷೆಗೆ ಅನುವಾದಿಸುವವಳು. ಕಾಗದವೆಂದರೆ ಅವಳಿಗೆ ಅಂಜಿಕೆಯಿಲ್ಲ. ಆಯಿತು, ಮಾಡಿಸಿಬಿಡೋಣ ಎಂದಳು, ಗೀಸರ್ ರಿಪೇರಿ ಮಾಡಿಸಿಬಿಡೋಣ ಎನ್ನುವ ಧಾಟಿಯಲ್ಲಿ. ಮಂಗಳವಾರ, ಊಟದ ಬಿಡುವಿನಲ್ಲಿ, ಅವಳ ಕಚೇರಿಯ ಇಬ್ಬರು ಸಾಕ್ಷಿ. ಮೇಯರು ಬಣ್ಣದ ಪಟ್ಟಿ ತೊಟ್ಟು ಫ್ರೆಂಚಿನಲ್ಲಿ ಓದುತ್ತಾ ಹೋದರು. ಪ್ರಶ್ನೆ ಮುಗಿಯುವ ಮೊದಲೇ ಬೊಯಾನ್ ಯೋ ಎಂದುಬಿಟ್ಟ. ಗುಮಾಸ್ತೆ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಹೊಳೆಯ ದಂಡೆಯ ಅಂಗಡಿಯಲ್ಲಿ ನಿಂತು ಬಿಸಿ ಆಲೂಗಡ್ಡೆ ಚಿಪ್ಸ್ ತಿಂದರು. ಅವಳ ತುಟಿಯ ಮೂಲೆಯಲ್ಲಿ ಉಪ್ಪಿನ ಹರಳೊಂದು ಅಂಟಿತ್ತು. ಅದನ್ನು ಒರೆಸಲೇ ಎಂದು ಯೋಚಿಸುತ್ತಿರುವಾಗ ಬಸ್ಸು ಬಂತು. ಬಸ್ಸಿನಲ್ಲಿ ಕೂತು ಕೈಗವಸು ಹಾಕಿಕೊಳ್ಳುತ್ತಾ ನೆವೆನಾ ಅಂದಳು: “ಅಂತೂ ಒಂದು ಕೆಲಸ ಮುಗೀತು.” ಅಷ್ಟೇ. ಅದರಲ್ಲಿ ತಪ್ಪೇನಿತ್ತು? ಕೆಲಸವೇ ಅದು, ಮುಗಿದಿತ್ತು. ಆದರೆ ಅವನ ಬಲಗಾಲು ನೆಲವನ್ನು ಒತ್ತಿತು, ಮುಂದೆ ತಿರುವಿರಲಿಲ್ಲ.

ಹದಿನೈದು ವರ್ಷ ಅವರು ಒಟ್ಟಿಗೆ ಇದ್ದದ್ದು ಮದುವೆ ಇಲ್ಲದೆಯೇ. ಅದಕ್ಕೂ ಮೊದಲು ನೆವೆನಾಗೆ ಬೇರೊಬ್ಬನ ಜೊತೆ ಮದುವೆಯಾದಾಗ ಮುನ್ನೂರು ಜನ, ಎರಡು ಬ್ಯಾಂಡು, ಕುರಿ ಸುಟ್ಟಿದ್ದು, ಅತ್ತೆಯ ಕಡೆಯವರು ಅವಳ ನೆತ್ತಿಯ ಮೇಲೆ ರೊಟ್ಟಿ ಮುರಿದದ್ದು. ಎರಡು ವರ್ಷಕ್ಕೆ ಎಲ್ಲ ಮುಗಿದಿತ್ತು. ಆ ಮುನ್ನೂರು ಜನ ಆಮೇಲೆ ರಸ್ತೆಯಲ್ಲಿ ಸಿಕ್ಕಾಗಲೆಲ್ಲ ತನ್ನ ಮುಖ ನೋಡುತ್ತಿದ್ದ ಬಗೆಯನ್ನು ಅವಳು ಒಮ್ಮೆ ಹೇಳಿದ್ದಳು: ಕೊಂಡುಕೊಟ್ಟ ಉಡುಗೊರೆಯ ತಟ್ಟೆಗಳು ಏನಾದವು ಎಂದು ಕೇಳುವ ಹಾಗೆ. ಇನ್ನು ಮೇಲೆ ಯಾರ ಮುಂದೆಯೂ ನಿಲ್ಲುವುದಿಲ್ಲ ಎಂದಳು. ಬೊಯಾನ್ ಅದಕ್ಕೂ ಹೌದು ಎಂದಿದ್ದ. ರೂಸೆಯಲ್ಲಿದ್ದ ತನ್ನ ಅಮ್ಮನಿಗೆ ಮಾತ್ರ, ಆಫೀಸಿನಲ್ಲಿ ಸುಮ್ಮನೆ ರಿಜಿಸ್ಟರ್ ಮಾಡಿಸಿಕೊಂಡೆವು ಎಂದು ಆಗಲೇ ಸುಳ್ಳು ಹೇಳಿಬಿಟ್ಟಿದ್ದ. ಹಾಗಾಗಿ ಈಗ ನಿಜವಾದ ಮದುವೆಯನ್ನು ಅಮ್ಮನಿಗೆ ಹೇಳುವ ಹಾಗೂ ಇರಲಿಲ್ಲ. ಭಾನುವಾರ ಭಾನುವಾರ ಫೋನಿನಲ್ಲಿ ಆಕೆ ಮೊಣಕಾಲು ಹೇಗಿದೆ ಎಂದು ಕೇಳುವಾಗ, ಅಮ್ಮಾ ನನಗೆ ಮದುವೆಯಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದು ವಾಪಸು ಹೋಗುತ್ತಿತ್ತು.

“ಏನಿದು, ಮನೇಲಿ ಯಾರಾದ್ರೂ ಸತ್ತಿದಾರಾ?” ನೆವೆನಾ ಅಡುಗೆಮನೆಗೆ ಬಂದು ಕಿಟಕಿಯ ಪರದೆಯನ್ನು ಪೂರ್ತಿ ಎಳೆದಳು. ಬೆಳಕು ಬಂತು, ಅದರ ಜೊತೆ ಗುಡ್ಡವೂ ಬಂತು. ದ್ರಾಕ್ಷಿ ಬಳ್ಳಿಯ ಕತ್ತರಿಸಿದ ಕಡ್ಡಿ, ಕ್ರಿಸ್‌ಮಸ್ಸಿನ ಒಣಗಿದ ಮರಗಳು, ಹುಲ್ಲಿನ ಪೆಂಡಿಗಳು, ನಡುವೆ ಎತ್ತರದ ಕಂಬ, ಅದಕ್ಕೆ ಶಿಲುಬೆಯಂತೆ ಕಟ್ಟಿದ ಅಡ್ಡಕೋಲುಗಳು. “ಅದೇನು ಕಟ್ಟಿದಾರೆ ಅಲ್ಲಿ?”

“ಏನೋ ಹಬ್ಬ ಅಂತೆ.”

“ನಮ್ಮ ಕುರ್ಚಿ ಹಾಗೆ ಕಾಣ್ತಿದೆಯಲ್ಲ, ಮೇಲೆ ಸಿಕ್ಕಿಸಿರೋದು.”

ನಿಜ. ಯಾರೋ ಅದನ್ನು ತೀರ ಮೇಲಕ್ಕೆ, ಸಿಂಹಾಸನದ ಹಾಗೆ ಇಟ್ಟಿದ್ದರು. “ಇರಬಹುದು,” ಎಂದ ಬೊಯಾನ್. ಈಗ ಹೇಳಬಹುದಿತ್ತು. ಕಾಫಿ ಉಕ್ಕುತ್ತಿತ್ತು, ಹಾಗಾಗಿ ಕಾಫಿ ಇಳಿಸಿದ. ಬ್ರೆಡ್ಡು ಮುಗಿದಿದೆ ಎಂದಳು ನೆವೆನಾ. ಭಾನುವಾರದ ಬ್ರೆಡ್ಡು ತರುವವನು ಅವನೇ. ದಾರಿಯುದ್ದಕ್ಕೂ ‘ಒಂದು ದೊಡ್ಡ ಕಂದು ಬ್ರೆಡ್ಡು, ಕತ್ತರಿಸಿ ಕೊಡಿ’ ಎಂಬ ವಾಕ್ಯವನ್ನು ಈ ಊರಿನ ಭಾಷೆಯಲ್ಲಿ ಉರುಹೊಡೆದು ಹೋಗುತ್ತಿದ್ದ. ಬೇಕರಿಯ ಮಾರ್ಗೋ ಪ್ರತಿ ಸಲ ಫ್ರೆಂಚಿನಲ್ಲೇ ಉತ್ತರ ಕೊಟ್ಟು ಅವನನ್ನು ಸೋಲಿಸುತ್ತಿದ್ದಳು. ಆ ಸೋಲನ್ನು ಅವನು ಬ್ರೆಡ್ಡಿನ ಜೊತೆ ಬೆಚ್ಚಗೆ ಮನೆಗೆ ತರುತ್ತಿದ್ದ. ಇವತ್ತು ಬೇಕರಿಯಲ್ಲಿ ಊರೆಲ್ಲ ಇರುತ್ತದೆ, ಹೋದರೆ ಮದುಮಗ ಎನ್ನುತ್ತಾರೆ ಎಂದು ಹೆದರಿ, ಮೊಣಕಾಲು ನೋವು ಎಂದ. “ಸರಿ, ನಾನೇ ಹೋಗ್ತೀನಿ,” ಎಂದಳು ನೆವೆನಾ. ಬಾಗಿಲು ಮುಚ್ಚಿದ ಮೇಲೆ ಅವನಿಗೆ ತನ್ನ ದಡ್ಡತನ ಹೊಳೆಯಿತು. ಬೂಟು ಹುಡುಕುವಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿದ್ದಳು. ಬೂಟು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತ.

ಅವಳು ವಾಪಸು ಬಂದಾಗ ಕೈಯಲ್ಲಿ ಬ್ರೆಡ್ಡಿನ ಜೊತೆ, ಎಣ್ಣೆಯಲ್ಲಿ ಕರಿದು ಸಕ್ಕರೆ ಉದುರಿಸಿದ ಗಂಟಿನಾಕಾರದ ತಿಂಡಿಗಳ ದೊಡ್ಡ ಪೊಟ್ಟಣವಿತ್ತು. ಅದನ್ನು ಮೇಜಿನ ಮೇಲೆ ಇಟ್ಟಳು. ಕೋಟು ಬಿಚ್ಚಲಿಲ್ಲ.

“ಇದು ಬಿಟ್ಟಿ. ಯಾಕೆ ಗೊತ್ತಾ? ‘ಮದುಮಗಳು ಬ್ರೆಡ್ಡಿಗೆ ತಾನೇ ಬಂದುಬಿಟ್ಲಲ್ಲ, ಮದುಮಗ ಇನ್ನೂ ಮಲಗಿದಾನಾ’ ಅಂದ್ಲು ಮಾರ್ಗೋ. ಅಂಗಡಿ ತುಂಬ ಜನ. ಎಲ್ಲರೂ ನನ್ನ ಕಡೆ ತಿರುಗಿದ್ರು. ಏನು ಅಂತ ನಾನು ಕೇಳಿದೆ. ಅವರೇ ನನಗೆ ವಿವರಿಸಿದ್ರು. ಸರದಿ ಮೇಲೆ.”

“ಹೇಳಬೇಕು ಅಂತಲೇ ಇದ್ದೆ.”

“ಯಾವಾಗ? ಬೆಂಕಿ ಪೊಟ್ಟಣ ಕೈಗೆ ಕೊಡುವಾಗಲಾ?” ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. “ಅಲ್ಲಾ ಬೊಯಾನ್, ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಮತ್ತೆ ಅದೇ ಆಯ್ತಲ್ಲ. ಅಲ್ಲೂ ಎಲ್ಲರಿಗೂ ಮೊದಲೇ ಗೊತ್ತಿತ್ತು, ನನಗೇ ಕೊನೆಗೆ ಗೊತ್ತಾಗಿದ್ದು.” ಅಲ್ಲಿ ಎಂದರೆ ಮೊದಲ ಗಂಡನ ಮನೆ. ಅವನು ಇನ್ನೊಬ್ಬಳ ಜೊತೆ ಇದ್ದದ್ದು. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಾಳಲ್ಲ ಎಂದು ಬೊಯಾನನಿಗೆ ನೋವಾಯಿತು. ಇಟ್ಟದ್ದರಲ್ಲಿ ನ್ಯಾಯವಿದೆ ಎಂದೂ ಅನಿಸಿತು. “ನಾನು ಬರಲ್ಲ. ನೀನು ಒಪ್ಪಿಕೊಂಡಿದೀಯ, ನೀನೇ ಹೋಗಿ ಹಚ್ಚು. ಇಲ್ಲ ಬೇಡ ಅಂತ ಹೇಳಿ ಬಾ.” ಅವಳು ಕೋಣೆಗೆ ಹೋಗಿ ಬಾಗಿಲನ್ನು ಮೆಲ್ಲಗೆ ಹಾಕಿಕೊಂಡಳು.

ಬೇಡ ಎಂದು ಹೇಳಿ ಬರಲು ಅವನು ಅಲೋಯ್ಸನ ಮನೆಗೆ ಹೊರಟ. ಹತ್ತು ಹೆಜ್ಜೆಯ ದಾರಿ. ಆ ಹತ್ತು ಹೆಜ್ಜೆಯಲ್ಲಿ ‘ನನ್ನ ಹೆಂಡತಿ ಬರುವುದಿಲ್ಲ’ ಎಂಬ ವಾಕ್ಯವನ್ನು ಕಟ್ಟಿದ. ವ್ಯಾಕರಣ ಸರಿಯಾಗಿ ಕೂತಿತು. ಕಲಿತದ್ದೆಲ್ಲ ಕೊನೆಗೆ ಇದಕ್ಕೆ ಉಪಯೋಗಕ್ಕೆ ಬಂತು ಎಂದುಕೊಂಡ. ಅಲೋಯ್ಸ್ ಅಂಗಳದಲ್ಲಿ ಕೋಲುಗಳ ತುದಿಗೆ ಗೋಣಿ ಬಟ್ಟೆ ಸುತ್ತಿ ಮೇಣದಲ್ಲಿ ಅದ್ದುತ್ತಿದ್ದ. ಬೊಯಾನ್ ತನ್ನ ವಾಕ್ಯ ಹೇಳಿದ. ಮುದುಕ ಕೆಲಸ ನಿಲ್ಲಿಸಲಿಲ್ಲ.

“ಹುಷಾರಿಲ್ವಾ?”

“ಹುಷಾರಾಗಿದಾಳೆ. ನಾನು ಹೇಳಿರಲಿಲ್ಲ ಅವಳಿಗೆ. ಸಿಟ್ಟು.”

“ಓ,” ಎಂದ ಅಲೋಯ್ಸ್. ಇನ್ನೊಂದು ಕೋಲು ಎತ್ತಿಕೊಂಡ. “ನಾವು ಹಚ್ಚಿದ ವರ್ಷ ನನ್ನ ಹೆಂಡತಿ ದಾರಿಯುದ್ದಕ್ಕೂ ನನ್ನ ಹತ್ರ ಮಾತಾಡಿರಲಿಲ್ಲ ಸ್ವಾಮಿ. ನಾನು ಹೊಸ ಪ್ಯಾಂಟು ಹಾಕ್ಕೊಂಡಿಲ್ಲ ಅಂತ.” ಬೊಯಾನನಿಗೆ ಅರ್ಥವಾಗಲಿ ಎಂದು ನಿಧಾನವಾಗಿ ಹೇಳುತ್ತಾ, ಪ್ಯಾಂಟು ಹಿಡಿದು ತೋರಿಸಿದ. “ನೋಡಿ, ಬರದಿದ್ರೆ ಪರವಾಗಿಲ್ಲ, ನೀವೊಬ್ಬರೇ ಹಚ್ಚಿ. ಆದರೆ ಒಬ್ಬರೇ ಹಚ್ಚಿದ್ರೆ ಕಸ ಸುಟ್ಟ ಹಾಗೆ ಇರುತ್ತೆ, ಅಷ್ಟೇ. ಬರ್ಬೇಕು ಅಂತ ನೀವು ಕೇಳಿದ್ರಾ?”

ಬೊಯಾನ್ ಯೋ ಎನ್ನಲು ಬಾಯಿ ತೆರೆದು ನಿಲ್ಲಿಸಿದ. ಕೇಳಿರಲಿಲ್ಲ. ಇವತ್ತು ಮಾತ್ರವಲ್ಲ. ಹದಿನೈದು ವರ್ಷದಲ್ಲಿ ಅವಳನ್ನು ಅವನು ಏನನ್ನೂ ಕೇಳಿರಲಿಲ್ಲ. ಅವಳು ಮದುವೆ ಬೇಡ ಎಂದಾಗ ಸರಿ ಎಂದ, ಲಕ್ಸೆಂಬರ್ಗಿಗೆ ಹೋಗೋಣವಾ ಎಂದಾಗ ಕೆಲಸಕ್ಕೆ ರಾಜೀನಾಮೆ ಬರೆದ, ಕಾಗದ ಮಾಡಿಸೋಣ ಎಂದಾಗ ಅಂಗಿ ಇಸ್ತ್ರಿ ಮಾಡಿದ. ಅದನ್ನು ಒಳ್ಳೆಯತನ ಎಂದುಕೊಂಡಿದ್ದ. ಈಗ ಮೇಣದ ವಾಸನೆಯ ಆ ಅಂಗಳದಲ್ಲಿ ನಿಂತು, ಅದು ಬರೀ ಹೆದರಿಕೆಯೂ ಇರಬಹುದು ಎಂದು ಮೊದಲ ಬಾರಿಗೆ ಅನಿಸಿತು: ಕೇಳಿದರೆ ಇಲ್ಲ ಎಂದಾಳು ಎನ್ನುವ ಹೆದರಿಕೆ. ಸಿಟ್ಟು ಬರಲಿಲ್ಲ, ದುಃಖವೂ ಆಗಲಿಲ್ಲ. ಬಹಳ ದಿನದಿಂದ ಚಪ್ಪಲಿಯನ್ನು ತಪ್ಪು ಕಾಲಿಗೆ ಹಾಕಿಕೊಂಡಿದ್ದೆ ಎಂದು ಗೊತ್ತಾದ ಹಾಗೆ ಆಯಿತು.

ಅವನು ಮನೆಗೆ ಬಂದಾಗ ನೆವೆನಾ ಅಡುಗೆಮನೆಯಲ್ಲಿ ಸೂಪಿಗೆ ಆಲೂಗಡ್ಡೆ ಸುಲಿಯುತ್ತಿದ್ದಳು. ತಿಂಡಿಯ ಪೊಟ್ಟಣ ಬಿಚ್ಚಿರಲಿಲ್ಲ. ಅವನು ಕೂರಲಿಲ್ಲ, ಕೂತರೆ ಮಾತು ಒಳಗೇ ಉಳಿದೀತು.

“ಬೇಡ ಅಂತ ಹೇಳೋಕೆ ಹೋದೆ, ನೀನು ಬರಲ್ಲ ಅಂತಷ್ಟೇ ಹೇಳಿ ಬಂದೆ,” ಎಂದ. “ನಿನಗೆ ಮೊದಲೇ ಹೇಳದೆ ಇದ್ದಿದ್ದು ತಪ್ಪು. ಆದರೆ ನಾನು ಹೇಳದೆ ಇದ್ದಿದ್ದು ನೀನು ಬೇಡ ಅಂತೀಯ ಅಂತ. ನನಗೆ ಅದು ಬೇಕಿತ್ತು ನೆವೆನಾ. ಇವರೆಲ್ಲ ಕರೆದ್ರು ಅಂತ ಅಲ್ಲ. ಆವತ್ತು ಬಸ್ಸಲ್ಲಿ ನೀನು ಒಂದು ಕೆಲಸ ಮುಗೀತು ಅಂದೆ. ನನಗೆ ಅದು ಕೆಲಸ ಆಗಿರ್ಲಿಲ್ಲ. ನೀನು ಬಂದರೆ ನನಗೆ ಸಂತೋಷ ಆಗುತ್ತೆ. ಬರದಿದ್ರೂ ನಾನು ಹೋಗ್ತೀನಿ.”

ಸುಲಿಯುತ್ತಿದ್ದ ಸಿಪ್ಪೆ ಕಡಿಯದೆ ಉದ್ದಕ್ಕೆ ಇಳಿಯುತ್ತಾ ಬಂದು ಬಟ್ಟಲಿಗೆ ಬಿತ್ತು. ನೆವೆನಾ ತಲೆ ಎತ್ತಲಿಲ್ಲ. ಅವಳ ಕತ್ತಿನ ಹಿಂಭಾಗ ಕೆಂಪಗಾಗಿತ್ತು. “ಬೂಟಿಗೆ ದಪ್ಪ ಕಾಲುಚೀಲ ಹಾಕ್ಕೋ,” ಎಂದಳು ಕೊನೆಗೆ. ಅವನಿಗೆ ಅಚ್ಚರಿಯಾದದ್ದು, ತನಗೆ ಕಳವಳವಿಲ್ಲದಿರುವುದು. ಅಮ್ಮನಿಗೆ ಫೋನು ಮಾಡಿದ, ಹಿತ್ತಲಲ್ಲಿ ಕಸದ ಡಬ್ಬಿಗಳನ್ನು ತೊಳೆದ, ಬಿಸಿಲು ಇಳಿಯುವುದನ್ನು ನೋಡಿದ. ಕೇಳಿ ಆಗಿತ್ತು. ಉತ್ತರ ಏನೇ ಇರಲಿ, ಕೇಳಿದ ಬಾಯಿ ಹಗುರವಾಗಿತ್ತು.

ಕತ್ತಲಾಗುವ ಹೊತ್ತಿಗೆ ಚರ್ಚಿನ ಮುಂದಿನ ಅಂಗಳದಿಂದ ಮೆರವಣಿಗೆ ಹೊರಟಿತು. ಊರಿನ ವಾದ್ಯದವರು ಚಳಿಗೆ ಬೆರಳು ಮರಗಟ್ಟಿ ಅಪಸ್ವರ ಹಿಡಿಯುತ್ತಿದ್ದರು, ಯಾರಿಗೂ ಅದರ ಚಿಂತೆಯಿರಲಿಲ್ಲ. ಅಲೋಯ್ಸ್ ಬೊಯಾನನ ಕೈಗೆ ಪಂಜು ಕೊಟ್ಟು, ತೋಳು ಹಿಡಿದು, ಎಲ್ಲರಿಗಿಂತ ಮುಂದೆ ನಿಲ್ಲಿಸಿದ. ಹೆಂಡತಿ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಆದರೆ ಅವನ ಬಲಗಡೆ ಒಬ್ಬ ಮನುಷ್ಯನ ಅಗಲದಷ್ಟು ಜಾಗವನ್ನು ಎಲ್ಲರೂ ಬಿಟ್ಟೇ ನಡೆದರು. ದಾರಿ ಕಿರಿದಾದ ಕಡೆ ಹಿಂದಿನವರು ಒತ್ತಿಕೊಂಡು ಬಂದರೇ ಹೊರತು ಆ ಜಾಗಕ್ಕೆ ಕಾಲಿಡಲಿಲ್ಲ. ಅವರ ಮರ್ಯಾದೆ ಅವನಿಗೆ ಚುಚ್ಚಿತು. ಖಾಲಿ ಜಾಗವೂ ತನ್ನ ಜೊತೆ ಮೊಣಕಾಲು ಎಳೆದುಕೊಂಡು ಗುಡ್ಡ ಹತ್ತುತ್ತಿದೆ ಎನಿಸಿತು. ಬೆನ್ನನ್ನು ಜನ ನೋಡುವುದು ಅವನಿಗೆ ಹೊಸದಲ್ಲ. ಆದರೆ ಟ್ರಾಲಿಬಸ್ಸಿನಲ್ಲಿ ಕೂತವರಿಗೆ ಅವನು ಯಾರೂ ಆಗಿರಲಿಲ್ಲ, ಇಲ್ಲಿ ಹಿಂದೆ ಬರುತ್ತಿರುವವರೆಲ್ಲ ಅವನ ಬಗ್ಗೆಯೇ ಮರುಗುತ್ತಿದ್ದಾರೆ. ತೋಟದ ಕಲ್ಲುಗೋಡೆ ಮುಗಿದು ಗುಡ್ಡದ ಬಯಲು ಶುರುವಾಗುವಲ್ಲಿ, ಅಡ್ಡದಾರಿಯಿಂದ ಯಾರೋ ಏದುಸಿರು ಬಿಡುತ್ತಾ ಬಂದು ಆ ಜಾಗದಲ್ಲಿ ನಿಂತರು. ಬೊಯಾನನದೇ ಹಳೆಯ ದೊಡ್ಡ ಕೋಟು, ತೋಳು ಎರಡು ಸಲ ಮಡಚಿದೆ.

“ನನ್ನ ಕೋಟಿಗೆ ಹೊಗೆ ವಾಸನೆ ಹತ್ತುತ್ತೆ ಅಂತ ಇದನ್ನ ಹಾಕ್ಕೊಂಡೆ,” ಎಂದಳು ನೆವೆನಾ. ಸ್ವಲ್ಪ ದೂರ ನಡೆದ ಮೇಲೆ, “ಕಿಟಕಿಯಿಂದ ಕಾಣ್ತಿತ್ತು. ನೀನೊಬ್ಬನೇ ಮುಂದೆ. ನೋಡಕ್ಕಾಗಲಿಲ್ಲ,” ಎಂದಳು. ಬೊಯಾನ್ ಪಂಜನ್ನು ಎಡಗೈಗೆ ಬದಲಾಯಿಸಿಕೊಂಡು ಅವಳ ಹೆಜ್ಜೆಗೆ ಹೆಜ್ಜೆ ಹೊಂದಿಸಿದ. ಹಿಂದೆ ವಾದ್ಯದ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು.

ಹುಲ್ಲು ತೇವವಾಗಿತ್ತು. ಬೊಯಾನ್ ಪಂಜು ಇಟ್ಟ ಕಡೆ ಹೊಗೆ ಬಂತು, ಬೆಂಕಿ ಬರಲಿಲ್ಲ. ಎರಡನೆಯ ಸಲ ಪಂಜೇ ಆರಿತು. ಜನ ಕಾಯುತ್ತಿದ್ದರು. ಅವನು ಆರಿದ ಪಂಜನ್ನೇ ಮತ್ತೆ ಅದೇ ಕಡೆ ಚುಚ್ಚಿದ. “ಅಲ್ಲಿ ಅಲ್ಲ, ಗಾಳಿ ಈ ಕಡೆಯಿಂದ ಬರ್ತಿದೆ, ಕಾಣಲ್ವಾ?” ಎಂದು ನೆವೆನಾ ತಮ್ಮ ಭಾಷೆಯಲ್ಲಿ ಗದರಿದಳು. ಅಲೋಯ್ಸನ ಕೈಯಿಂದ ಇನ್ನೊಂದು ಪಂಜನ್ನು ತಾನೇ ಇಸಿದುಕೊಂಡು, ದೊಡ್ಡ ಕೋಟಿನ ಅಂಚನ್ನು ಮಂಡಿಗಳ ನಡುವೆ ಸಿಕ್ಕಿಸಿ ಕುಕ್ಕುರುಗಾಲಲ್ಲಿ ಕೂತಳು. ಬಳ್ಳಿಯ ಕಡ್ಡಿಗಳ ಕೆಳಗೆ ಒಣಗಿದ್ದ ಹುಲ್ಲನ್ನು ಬೆರಳಿನಿಂದ ಬಿಡಿಸಿದಳು. “ಹಿಡಿ ಇಲ್ಲಿ. ಜೊತೆಗೆ ಹಿಡಿ.” ಹೆಂಡತಿ ಗಂಡನನ್ನು ಗದರುವ ಮಾತಿಗೆ ಅನುವಾದ ಬೇಕಿರಲಿಲ್ಲ, ಜನರ ನಡುವಿನಿಂದ ನಗೆಯೊಂದು ಹೊರಟು ಗುಡ್ಡದ ತುಂಬ ಹರಡಿತು. ಅವನು ಪಕ್ಕದಲ್ಲಿ ಕೂತು ಅವಳ ಪಂಜಿನ ಕೋಲನ್ನೇ ಹಿಡಿದ. ಕಡ್ಡಿಗಳು ಚಟಪಟ ಎಂದವು. ನೀಲಿ ಉರಿಯೊಂದು ಒಳಗೊಳಗೇ ಓಡಿತು, ಆಮೇಲೆ ಕ್ರಿಸ್‌ಮಸ್ ಮರವೊಂದು ಒಮ್ಮೆಲೇ ಭಗ್ಗೆಂದಿತು. ಇಬ್ಬರೂ ಎದ್ದು ಹಿಂದಕ್ಕೆ ಓಡಬೇಕಾಯಿತು.

ಶಿಲುಬೆಯ ತೋಳುಗಳಿಗೆ ಬೆಂಕಿ ಹತ್ತಿದಾಗ ಎಲ್ಲರೂ ಓ ಎಂದರು. ಯಾರೋ ಬಿಸಿ ವೈನಿನ ಲೋಟಗಳನ್ನು ಕೊಟ್ಟರು. ಬೇಕರಿಯ ಮಾರ್ಗೋ ಬಂದು ನೆವೆನಾಳ ಕೂದಲಿಂದ ಬೂದಿಯ ಚೂರೊಂದನ್ನು ತೆಗೆದು ಊದಿದಳು. ಇಷ್ಟು ಜನರ ಕಣ್ಣು ತನ್ನ ಮೇಲಿದ್ದರೂ ನೆವೆನಾ ಹಿಂದೆ ಸರಿಯದಿರುವುದನ್ನು ಬೊಯಾನ್ ಓರೆಗಣ್ಣಿನಲ್ಲಿ ನೋಡುತ್ತಿದ್ದ. ಅವರೆಲ್ಲ ನೋಡುತ್ತಿದ್ದದ್ದು ಬೆಂಕಿಯನ್ನು. ನಡುನಡುವೆ ಅವಳನ್ನು ನೋಡಿದರೂ, ಅದು ಬೆಂಕಿಯ ಜೊತೆ ಸೇರಿದವಳನ್ನು ನೋಡಿದ ಹಾಗಿತ್ತು. ಅಲೋಯ್ಸ್ ಅವರ ಮುಂದೆ ಬಂದು ನಿಂತು, ನೆವೆನಾಳ ತೋಳು ಹಿಡಿದುಕೊಂಡು, ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ತನ್ನ ಭಾಷೆಯಲ್ಲಿ ಕೇಳಿದ: “ಮದುವೆ ಆಗಿ ಎಷ್ಟು ದಿನ ಆಯ್ತು ಮಾದಾಮ್?”

ಬೊಯಾನ್ ಅನುವಾದಿಸಲು ಬಾಯಿ ತೆರೆದ. ನೆವೆನಾ ಈ ಊರಿನ ಭಾಷೆಯಲ್ಲಿ ಒಂದು ಪದವನ್ನೂ ಆಡಿದವಳಲ್ಲ. ಅರೆಬರೆ ಬಂದ ಭಾಷೆಯನ್ನು ಜನರ ಮುಂದೆ ಆಡುವುದು ಹರಿದ ಬಟ್ಟೆಯಲ್ಲಿ ಬೀದಿಗೆ ಬಂದ ಹಾಗೆ ಎನ್ನುತ್ತಿದ್ದಳು. ಸಂಜೆ ಅವನು ಪಾಠ ಒಪ್ಪಿಸುವಾಗ ಪಕ್ಕದಲ್ಲಿ ಬೇರೇನೋ ಓದುತ್ತಾ ಕೂತಿರುತ್ತಿದ್ದಳು, ಅಷ್ಟೇ.

“ಹದಿನೈದು ವರ್ಷ,” ಎಂದಳು ಅವಳು, ಅದೇ ಭಾಷೆಯಲ್ಲಿ. ಉಚ್ಚಾರ ಪೂರ್ತಿ ತಪ್ಪಾಗಿತ್ತು.

ಅಲೋಯ್ಸ್ ಹುಬ್ಬು ಗಂಟಿಕ್ಕಿದ. “ಹದಿನೈದು ವರ್ಷವಾ? ಮೇಯರ್ ಹತ್ರ ಹೋಗಿದ್ದು ನವೆಂಬರಲ್ಲಿ ತಾನೇ?”

“ಅದು ಕಾಗದದ್ದು.”

ಮುದುಕ ಅವಳನ್ನು ನೋಡಿದ, ಬೊಯಾನನನ್ನು ನೋಡಿದ, ಆಮೇಲೆ ಜನರ ಕಡೆ ತಿರುಗಿದ. “ಕೇಳಿದ್ರೇನ್ರಯ್ಯಾ, ನಮಗೆ ಮೋಸ ಆಗಿದೆ. ಇವರು ಹಳೇ ಜೋಡಿ. ಹಚ್ಚೋ ಹಕ್ಕೇ ಇರಲಿಲ್ಲ ಇವರಿಗೆ.”

“ಈಗ ಆರಿಸಕ್ಕಾಗುತ್ತಾ? ಉರೀಲಿ ಬಿಡಿ ಅತ್ಲಾಗೆ,” ಎಂದರು ಯಾರೋ ಹೊಗೆಯ ಆಚೆಯಿಂದ. ಕಂಬ ಒಂದು ಕಡೆ ವಾಲಿ ಕಿಡಿಗಳ ರಾಶಿ ಎದ್ದಿತು.

ಮುಖ ಸುಡುತ್ತಿತ್ತು, ಬೆನ್ನು ಕೊರೆಯುತ್ತಿತ್ತು. ಊರವರೆಲ್ಲ ಮಾಡಿದ ಹಾಗೆ ಅವರಿಬ್ಬರೂ ತಿರುಗಿ, ಬೆಂಕಿಗೆ ಬೆನ್ನು ಕೊಟ್ಟು ನಿಂತರು. ಕೆಳಗೆ ಹೊಳೆ ಕಪ್ಪಗಿತ್ತು, ಅದರ ಆಚೆ ಇನ್ನೊಂದು ದೇಶದ ದೀಪಗಳು, ಈಚೆ ತಮ್ಮ ಊರು. ಚಾವಣಿಗಳ ಸಾಲಿನಲ್ಲಿ ಒಂದು ಅಡುಗೆಮನೆಯಲ್ಲಿ ಮಾತ್ರ ದೀಪ ಉರಿಯುತ್ತಿತ್ತು.

“ಲೈಟ್ ಆರಿಸದೇ ಬಂದಿದೀನಿ,” ಎಂದಳು ನೆವೆನಾ.

“ಇರಲಿ ಬಿಡು,” ಎಂದ ಬೊಯಾನ್. “ನಮ್ಮ ಮನೆ ಎಲ್ಲಿದೆ ಅಂತ ಇಲ್ಲಿಂದಲೇ ಗೊತ್ತಾಗ್ತಿದೆ.”